ಇವರ ಕೈ ಕಪ್ಪಾದ ಮೇಲೆ

ಮೊದಲು ಇವರು ಅದನ್ನು ಸೀರೆಯ ಬಣ್ಣ ಅಂದುಕೊಂಡಿದ್ದರು.

ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಕಾಫಿ ಲೋಟಕ್ಕೆ ಕೈ ಚಾಚಿದಾಗ ನನ್ನ ಕಣ್ಣಿಗೆ ಬಿತ್ತು. ಅಂಗೈಯ ಗೆರೆಗಳೆಲ್ಲ ಯಾರೋ ಪೆನ್ಸಿಲ್ಲಿನಲ್ಲಿ ತಿದ್ದಿದ ಹಾಗೆ ಕಪ್ಪಗೆ ಕಾಣುತ್ತಿದ್ದವು. ಬೆರಳಿನ ಗೆಣ್ಣುಗಳ ಮೇಲೆ ಮಸಿ ಮೆತ್ತಿದ ಹಾಗಿತ್ತು. "ಏನ್ರೀ ಇದು, ಕೈ ಹೀಗಿದೆ?" ಅಂದೆ. ಇವರು ಕೈ ತಿರುಗಿಸಿ ನೋಡಿಕೊಂಡರು. "ನಿನ್ನೆ ಹೊಸ ಮಾಲು ಬಂತಲ್ಲ, ಅದ್ರಲ್ಲಿ ಯಾವ್ದೋ ಸೀರೆ ಬಣ್ಣ ಬಿಟ್ಟಿರ್ಬೇಕು. ಅಷ್ಟೂ ವಾಪಸ್ ಕಳಿಸ್ಬೇಕು" ಅಂದವರು ಸಿಂಕಿನ ಮುಂದೆ ನಿಂತು ನಿಂಬೆ ಹೋಳಿನಿಂದ ಉಜ್ಜಿದರು, ಸೀಗೆಪುಡಿ ಹಾಕಿ ಉಜ್ಜಿದರು, ಕೊನೆಗೆ ನಾನು ಪಾತ್ರೆ ತಿಕ್ಕುವ ತೆಂಗಿನ ನಾರಿಗೇ ಕೈ ಹಾಕಿದರು. ಚರ್ಮ ಕೆಂಪಾಯಿತೇ ಹೊರತು ಕಪ್ಪು ಹೋಗಲಿಲ್ಲ.

ಜಯನಗರದಲ್ಲಿ ನಮ್ಮದೊಂದು ಸೀರೆ ಅಂಗಡಿ ಇದೆ. ಇವರೂ ಇವರ ತಮ್ಮನೂ ಸೇರಿ ನಡೆಸುತ್ತಿದ್ದದ್ದು. ಮಾವನವರು ದಾವಣಗೆರೆ ಕಡೆಯಿಂದ ಬಂದು ಹಾಕಿದ ಅಂಗಡಿ. ಈಗ ಎಲ್ಲ ಕಡೆ ಗಾಜಿನ ಕೌಂಟರು, ಗೊಂಬೆಗಳು ಬಂದಿದ್ದರೂ ನಮ್ಮಲ್ಲಿ ಇವತ್ತಿಗೂ ಬಿಳಿ ಹಾಸಿನ ಗಾದಿ. ಗಿರಾಕಿಗಳು ಚಪ್ಪಲಿ ಬಿಟ್ಟು ಬಂದು ಎದುರಿಗೆ ಕೂರಬೇಕು. ಲೆಕ್ಕ, ತೆರಿಗೆ, ಸಾಲದವರ ಜೊತೆ ಮಾತುಕತೆ ಎಲ್ಲ ನನ್ನ ಮೈದುನನದು. ಸೀರೆ ತೋರಿಸುವುದು ಇವರದು. ಸೀರೆಯ ಒಂದು ಮಡಿಕೆ ಬಿಡಿಸಿ, ಸೆರಗನ್ನು ತಮ್ಮ ಎಡಗೈ ಮೇಲೆ ಮೊಣಕೈವರೆಗೂ ಇಳಿಬಿಟ್ಟು, ಬಾಗಿಲ ಬೆಳಕಿಗೆ ಹಿಡಿದು ಸುಮ್ಮನಿದ್ದುಬಿಡುತ್ತಿದ್ದರು. ಇವರು ಕೆಂಪಗಿದ್ದವರು. ಆ ಕೈ ಮೇಲೆ ಯಾವ ಬಣ್ಣ ಹಾಕಿದರೂ ಚೆಂದ ಕಾಣುತ್ತಿತ್ತು. "ಅಂಕಲ್, ನಿಮ್ಮ ಕೈ ಮೇಲೆ ನೋಡಿ ತಗೊಂಡು ಹೋಗ್ತೀವಿ, ಮನೇಲಿ ಉಟ್ರೆ ಬೇರೆ ಥರ ಕಾಣತ್ತೆ" ಅಂತ ನಗುತ್ತಿದ್ದವರನ್ನು ನಾನೇ ನೋಡಿದ್ದೇನೆ.

ಆ ಬೆಳಿಗ್ಗೆ ಹೊತ್ತಿಗೆ ಇವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಗಿ ಕೆಲವು ತಿಂಗಳಾಗಿತ್ತು. ಚಳಿಗಾಲದ ಕೆಮ್ಮು ಬೇಸಿಗೆಗೂ ಬಿಡದೆ, ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಲ್ಲುವಂತಾದಾಗ ಸ್ಕ್ಯಾನ್ ಮಾಡಿಸಿದ್ದೆವು. ಬೀಡಿ ಸಿಗರೇಟು ಮುಟ್ಟಿದ ಮನುಷ್ಯನಲ್ಲ. ಆದರೂ ವಿಷಯ ಕೇಳಿದವರೆಲ್ಲ ಮೊದಲು ಕೇಳುತ್ತಿದ್ದದ್ದು ಅದನ್ನೇ. "ಸೇದ್ತಿದ್ರಾ?" ಇಲ್ಲ ಅಂದರೆ ಅವರ ಮುಖದಲ್ಲಿ ಒಂಥರಾ ನಿರಾಸೆ. ಕಾರಣ ಸಿಕ್ಕಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೋ ಏನೋ. ಆಪರೇಷನ್ ಮಾಡುವ ಹಂತ ದಾಟಿದೆ, ಕೀಮೋ ಕೊಡುತ್ತೇವೆ ಅಂದರು. ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿ ಬರುವುದು, ಆಮೇಲೆ ಒಂದು ವಾರ ಊಟ ರುಚಿಸದೆ ನರಳುವುದು, ಮತ್ತೆ ಎದ್ದು ಅಂಗಡಿಗೆ ಹೋಗುವುದು. ಕೂದಲು ಅಷ್ಟಾಗಿ ಉದುರಲಿಲ್ಲ. ಅದೇ ಒಂದು ದೊಡ್ಡ ಪುಣ್ಯ ಅಂದುಕೊಂಡಿದ್ದೆವು. ನೋಡಿದವರಿಗೆ ಕಾಯಿಲೆ ಇದೆ ಅಂತ ಗೊತ್ತಾಗುತ್ತಿರಲಿಲ್ಲ.

ಮುಂದಿನ ಸಲ ಹೋದಾಗ ಡಾಕ್ಟರಿಗೆ ಕೈ ತೋರಿಸಿದೆವು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಎಷ್ಟೇ ಜನ ಕಾಯುತ್ತಿದ್ದರೂ ನಿಧಾನವಾಗಿ ಮಾತಾಡುವವರು. ಇವರ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಇದು ಔಷಧಿಯಿಂದ ಆಗಿರೋದು ಸಾರ್. ಎಲ್ಲರಿಗೂ ಆಗಲ್ಲ, ಕೆಲವರಿಗೆ ಆಗತ್ತೆ. ಅಂಟುಜಾಡ್ಯ ಅಲ್ಲ. ಮುಖಕ್ಕೂ ಬರಬಹುದು. ಬಿಸಿಲಿಗೆ ಹೋಗ್ಬೇಡಿ, ಕ್ರೀಮ್ ಬರ್ಕೊಡ್ತೀನಿ."

"ಹೋಗತ್ತಾ?" ಅಂತ ನಾನು ಕೇಳಿದೆ.

"ಔಷಧಿ ನಿಲ್ಲಿಸಿದ ಮೇಲೆ ನಿಧಾನಕ್ಕೆ ತಿಳಿಯಾಗತ್ತೆ ಮೇಡಂ. ತಿಂಗಳುಗಟ್ಟಲೆ ಆಗಬಹುದು."

"ಯಾವಾಗ ನಿಲ್ಲಿಸ್ತೀರಿ?"

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. "ಅದು ಕೆಲಸ ಮಾಡ್ತಿರೋವರೆಗೂ ನಿಲ್ಲಿಸಲ್ಲ" ಅಂದರು.

ಅವರು ಹೇಳಿದ ಹಾಗೇ ಆಯಿತು. ಮೊದಲು ಹಣೆ, ಆಮೇಲೆ ಕೆನ್ನೆ, ಕತ್ತು. ಸಮನಾಗಿ ಕಪ್ಪಾಗಿದ್ದರೆ ಒಂದು ಥರ. ಹಾಗಲ್ಲ, ತೇಪೆ ಹಾಕಿದ ಹಾಗೆ, ಅಲ್ಲಲ್ಲಿ ಸುಟ್ಟ ಹಾಗೆ. ಉಗುರಿಗೆ ಅಡ್ಡಡ್ಡ ಕಂದು ಪಟ್ಟೆ. ಸೂಜಿ ಚುಚ್ಚಿದ ಕೈಯಲ್ಲಿ ನರ ಹೋದ ದಾರಿಯುದ್ದಕ್ಕೂ ಕಪ್ಪು ಗೆರೆ ಮೇಲೇರಿತ್ತು. ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟುಕೊಂಡರೆ ಮೊದಲು ಹತ್ತಿರ ಬಂದು ನೋಡಿದವರಿಗೆ ಮಾತ್ರ ಕಾಣುತ್ತಿದ್ದ ಗೆರೆಗಳು ಈಗ ಬೀದಿಯ ಆ ತುದಿಗೂ ಕಾಣುತ್ತಿದ್ದವು.

ನನ್ನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ನಾನು ಹುಟ್ಟಿನಿಂದ ಕಪ್ಪು. ಹೆಣ್ಣು ನೋಡಲು ಬಂದ ದಿನ ಇವರ ಸೋದರತ್ತೆ ಒಬ್ಬರು ನನ್ನೆದುರಿಗೇ "ಲಕ್ಷಣವಾಗಿದಾಳೆ, ಬಣ್ಣ ಒಂದು ಕಮ್ಮಿ" ಅಂದಿದ್ದರು. ಇವರು ಒಪ್ಪಿದರು, ಮದುವೆಯಾಯಿತು. ಆಮೇಲೂ ಜೊತೆಯಲ್ಲಿ ಎಲ್ಲಿಗೆ ಹೋದರೂ ಜನರ ಕಣ್ಣು ಇವರ ಮೇಲಿಂದ ನನ್ನ ಮೇಲೆ ಬಂದು, ಮತ್ತೆ ಇವರ ಮೇಲೆ ಹೋಗಿ ನಿಲ್ಲುತ್ತಿತ್ತು. ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಮಕ್ಕಳು ಬೆನ್ನ ಹಿಂದೆ ನನ್ನನ್ನು ಕರಿ ಮಿಸ್ಸು ಅನ್ನುತ್ತಿದ್ದದ್ದು ನನಗೆ ಗೊತ್ತಿತ್ತು. ನಮಗೆ ಮಕ್ಕಳಾಗಲಿಲ್ಲ. ಆಗಿದ್ದರೆ ಯಾರ ಬಣ್ಣ ಬರುತ್ತಿತ್ತು ಅನ್ನೋ ಚರ್ಚೆಯನ್ನೂ ನಮ್ಮ ನೆಂಟರು ಬಿಟ್ಟಿಲ್ಲ. ಇದನ್ನೆಲ್ಲ ನಾನು ಇವರ ಹತ್ತಿರ ಹೇಳಿಕೊಂಡಿರಲಿಲ್ಲ. ಹೇಳುವಂಥದ್ದು ಅಂತಲೇ ಅನ್ನಿಸಿರಲಿಲ್ಲ.

ಅಂಗಡಿಯಲ್ಲಿ ನಡೆದದ್ದನ್ನು ಇವರೇ ಬಂದು ಹೇಳಿದರು. ಬನಶಂಕರಿ ಕಡೆಯಿಂದ ತಾಯಿ ಮಗಳು ನಿಶ್ಚಿತಾರ್ಥಕ್ಕೆ ಸೀರೆ ನೋಡಲು ಬಂದಿದ್ದರಂತೆ. ಇವರು ಒಂದು ಹಸಿರು ಧರ್ಮಾವರ ಬಿಡಿಸಿ ಎಂದಿನ ಹಾಗೆ ಕೈ ಮೇಲೆ ಹಾಕಿಕೊಂಡರು. ಆ ತಾಯಿ ಸೀರೆ ಮುಟ್ಟಲಿಲ್ಲ. ಮಗಳು ಕೈ ಚಾಚಿದರೆ ಅವಳ ಕೈ ಹಿಡಿದು ಹಿಂದಕ್ಕೆ ಎಳೆದರು. "ಇದೇ ಥರದ್ದು ಬೇರೆ ಇದ್ಯಾ? ಇನ್ನೂ ಬಿಚ್ಚದೇ ಇರೋದು?" ಅಂದರು. ಇವರಿಗೆ ಅರ್ಥವಾಗಲಿಲ್ಲ. ಇನ್ನೊಂದು ತೆಗೆಯಲು ಎದ್ದರು. ಆಗ ಆಕೆ ಮೈದುನನ ಕಡೆ ತಿರುಗಿ, "ನೀವೇ ತೋರಿಸಿ ಸಾರ್" ಅಂದರು.

ಅವತ್ತು ಇವರು ಅಷ್ಟೇನೂ ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. "ಶುಭ ಕಾರ್ಯಕ್ಕೆ ಬಂದಿದ್ರು, ಭಯ ಇರತ್ತೆ" ಅಂದರು. ಆದರೆ ಅಂಥದ್ದು ಮತ್ತೆ ಆಗಿರಬೇಕು. ಒಂದು ಸಂಜೆ ಮೈದುನ ಜರಗನಹಳ್ಳಿಯ ನಮ್ಮ ಮನೆಗೆ ಬಂದ. ಕೂತವನು ನೀರು ಕೇಳಿ ಕುಡಿದ, ಫ್ಯಾನ್ ನೋಡಿದ, ಆಮೇಲೆ ಪ್ಯಾಂಟಿನ ಜೇಬಿನಿಂದ ಒಂದು ಜೊತೆ ಬಿಳಿ ಬಟ್ಟೆಯ ಗ್ಲೌಸು ತೆಗೆದು ಟೀಪಾಯಿ ಮೇಲಿಟ್ಟ.

"ಒಡವೆ ಅಂಗಡಿಯವರು ಹಾಕ್ಕೋತಾರಲ್ಲ ಅಣ್ಣ, ಅಂಥದ್ದು. ಹೊಸ ಪದ್ಧತಿ ಅಂದ್ಕೋತಾರೆ. ನಿನ್ನ ಕೈಗೂ ಒಳ್ಳೇದು" ಅಂದ.

ಇವರು ಹಾಕಿಕೊಂಡರು. ನಮ್ಮೆದುರಿಗೇ ಹಾಕಿಕೊಂಡು ಬೆರಳಾಡಿಸಿ ನೋಡಿ, "ಸರಿಯಾಗಿದೆ" ಅಂದರು. ಮಾರನೆಯ ದಿನ ಅಂಗಡಿಗೂ ಹಾಕಿಕೊಂಡು ಹೋದರು. ಮಧ್ಯಾಹ್ನಕ್ಕೇ ಆಟೋದಲ್ಲಿ ವಾಪಸು ಬಂದುಬಿಟ್ಟರು. ಬಾಗಿಲಲ್ಲಿ ನಿಂತು, "ಏನೂ ಗೊತ್ತಾಗಲ್ಲ ಕಣೇ. ರೇಷ್ಮೆ ಯಾವ್ದು, ಬೆರಕೆ ಯಾವ್ದು ಒಂದೂ ಕೈಗೆ ಗೊತ್ತಾಗಲ್ಲ" ಅಂದರು. ಒಳಗೆ ಬಂದು ಗ್ಲೌಸನ್ನು ಟೀಪಾಯಿ ಮೇಲಿಟ್ಟು, "ಇನ್ನು ಹೋಗಲ್ಲ" ಅಂದರು. ನಾನು ಮೈದುನನಿಗೆ ಫೋನ್ ಮಾಡಿ ಜಗಳ ಆಡಬೇಕು ಅಂತ ಎದ್ದೆ. ಇವರು ಬೇಡ ಅಂದರು. "ಅವನೇನು ಮಾಡ್ತಾನೆ? ಅಂಗಡಿ ನಡೀಬೇಕಲ್ಲ."

ಆಮೇಲೆ ನಮ್ಮಿಬ್ಬರ ದಿನಗಳೂ ಆ ಮನೆಯೊಳಗೇ ಕಳೆದವು. ಬಿಸಿಲು ಬೀಳಬಾರದು ಅಂತ ಪರದೆ ಎಳೆದೇ ಇರುತ್ತಿತ್ತು. ಕನಕಪುರ ರಸ್ತೆಯ ಬಸ್ಸುಗಳ ಹಾರನ್ನು, ಕೆಳಗಡೆ ಬಾಡಿಗೆಯವರ ಕುಕ್ಕರಿನ ಕೂಗು. ಬಿಸಿಲೇರುವ ಮುಂಚೆ ಒಂದು ಸುತ್ತು ನಡೆದು ಬರುತ್ತಿದ್ದೆವು. ತುಂಬು ತೋಳಿನ ಅಂಗಿ, ತಲೆಗೆ ಟೋಪಿ. ವರ್ಷಗಟ್ಟಲೆ ನಮಸ್ಕಾರ ಹೇಳುತ್ತಿದ್ದ ಹಾಲಿನ ಬೂತಿನವರು ಒಂದು ದಿನ ನನಗೆ ಮಾತ್ರ ನಮಸ್ಕಾರ ಹೇಳಿ, "ಊರಿಂದ ಯಾರೋ ಬಂದಿದಾರಾ ಆಂಟಿ?" ಅಂತ ಇವರನ್ನು ತೋರಿಸಿ ಕೇಳಿದರು. ಇವರು ನಕ್ಕು "ನಾನೇ ಕಣಪ್ಪ" ಅಂದರು. ಅವರು ನಾಲಿಗೆ ಕಚ್ಚಿಕೊಂಡರು.

ಅವತ್ತು ಮನೆಗೆ ಬಂದ ಮೇಲೆ ನಾನು ಇವರ ಕೈಗೆ ಕ್ರೀಮು ಹಚ್ಚುತ್ತಿದ್ದೆ. ಅಂಗೈ ಒಣಗಿ ಬಿರುಕು ಬಿಡುತ್ತಿತ್ತು, ದಿನಕ್ಕೆ ಹಲವು ಸಲ ಹಚ್ಚಬೇಕಿತ್ತು. ನನ್ನ ಕೈಯೂ ಇವರ ಕೈಯೂ ಒಂದರ ಮೇಲೊಂದು. ಈಗ ಇವರದೇ ಹೆಚ್ಚು ಕಪ್ಪು. ಇವರು ಅದನ್ನೇ ನೋಡುತ್ತಿದ್ದರು. ತಮಾಷೆ ಮಾಡುತ್ತಾರೆ ಅಂದುಕೊಂಡೆ. ಮಾಡಲಿಲ್ಲ.

"ನಿನ್ನನ್ನೂ ಹೀಗೇ ನೋಡ್ತಿದ್ರಾ ಎಲ್ಲರೂ?" ಅಂತ ಕೇಳಿದರು.

ನಾನು ಕ್ರೀಮಿನ ಮುಚ್ಚಳ ಹಾಕಿದೆ. "ಹೂಂ" ಅಂದೆ.

"ಅಂಗಡೀಲೂ?"

"ಎಲ್ಲ ಕಡೇನೂ."

"ಇಷ್ಟು ವರ್ಷ ಪಕ್ಕದಲ್ಲೇ ಇದ್ನಲ್ಲ. ನನಗೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳೋದು?" ಅಂದೆ. "ಯಾರೂ ಏನೂ ಮಾಡ್ತಿರ್ಲಿಲ್ಲ. ಬರೀ ನೋಡ್ತಿದ್ರು."

ನನಗೆ ಯಾಕೋ ಸಿಟ್ಟು ಬಂತು. ಇದು ಗೊತ್ತಾಗಲು ಇಷ್ಟು ದೊಡ್ಡ ಕಾಯಿಲೆ ಬರಬೇಕಾಯಿತಾ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅಳುವೂ ಬಂತು. ಎದ್ದು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತೆ. ಹೊರಗಿನಿಂದ ಇವರ ಕೆಮ್ಮು ಕೇಳುತ್ತಿತ್ತು.

ಮೈದುನನ ಮಗಳಿಗೆ ಮದುವೆ ಗೊತ್ತಾಗಿದ್ದು ಆ ಸುಮಾರಿಗೆ. ಒಬ್ಬಳೇ ಮಗಳು, ಇವರ ತೊಡೆಯ ಮೇಲೆ, ಅಂಗಡಿಯ ಗಾದಿಯ ಮೇಲೆ ಬೆಳೆದವಳು. ಮನೆಗೆ ಬಂದು, "ದೊಡ್ಡಪ್ಪ, ಸೀರೆ ನೀವು ಬಂದು ಆರಿಸ್ಬೇಕು. ಅಪ್ಪ ಆರಿಸಿದ್ದು ನಾನು ಉಡಲ್ಲ" ಅಂದಳು. ಇವರು ಆಗಲ್ಲ ಅಂದರು. ಅವಳು ಚಪ್ಪಲಿ ಹಾಕಿಕೊಳ್ಳದೆ ಬಾಗಿಲಲ್ಲೇ ನಿಂತಳು. "ಅಂಗಡಿಗೆ ರಜಾ ಇರೋ ದಿನ ಹೋಗೋಣ. ನಾವಷ್ಟೇ ಇರ್ತೀವಿ."

ಹೋದೆವು. ಅರ್ಧ ಎತ್ತಿದ ಷಟರಿನ ಕೆಳಗೆ ಬಗ್ಗಿ ಒಳಗೆ ಹೋದೆವು. ಮೈದುನ ಅಲ್ಲೇ ಇದ್ದ. ಇವರು ಗಾದಿಯ ಮೇಲೆ ತಮ್ಮ ಜಾಗದಲ್ಲಿ ಕೂತು, ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದರು. ಆ ಕಪ್ಪು ಗೆರೆ ಹತ್ತಿದ ಕೈ ಕಾಣಿಸಿತು. ಮೈದುನ ಕಪಾಟಿನಿಂದ ಸೀರೆ ತೆಗೆದು ತೆಗೆದು ಅಣ್ಣನಿಗೆ ಕೊಡುತ್ತ ಹೋದ. ಇವರು ಅಂಗಡಿ ಕಲಿಸಿಕೊಟ್ಟ ಕಾಲದಲ್ಲಿ ಅವನು ಮಾಡುತ್ತಿದ್ದ ಕೆಲಸ ಅದೇ. ಇವರು ಸೆರಗು ಕೈ ಮೇಲೆ ಇಳಿಬಿಟ್ಟು ಬೆಳಕಿಗೆ ಹಿಡಿದರು. "ಇದು ಬೇಡ, ಫೋಟೋದಲ್ಲಿ ಸಪ್ಪೆ ಕಾಣತ್ತೆ. ಇದು ಬೇಡ, ಅಂಚು ಭಾರ." ಹೀಗೆ ಎಷ್ಟೋ ಹೊತ್ತು. ಕೊನೆಗೆ ಒಂದು ದಾಸವಾಳದ ಕೆಂಪು ಸೀರೆ ಕೈ ಮೇಲೆ ಬಂತು. ಇವರು ಅದನ್ನು ಬೆಳಕಿಗೆ ಹಿಡಿದೇ ಇದ್ದರು. ಹುಡುಗಿ ಮುಂದೆ ಬಂದು ಸೀರೆಯ ಕೆಳಗೆ ಕೈ ಹಾಕಿ ಇವರ ಕೈಯನ್ನು ಹಿಡಿದುಕೊಂಡಳು.

"ಇದೇ ಸಾಕು ದೊಡ್ಡಪ್ಪ."

"ಕಪ್ಪು ಕೈ ಮೇಲೆ ಕೆಂಪು ಎಷ್ಟು ಚೆನ್ನಾಗಿ ಎದ್ದು ಕಾಣತ್ತೆ ನೋಡು" ಅಂದರು ಇವರು. "ನನಗೆ ಇಷ್ಟು ದಿನ ಗೊತ್ತಿರ್ಲಿಲ್ಲ." ಅಂದು ನನ್ನ ಕಡೆ ನೋಡಿದರು.

ಅದಾದ ಮೇಲಿನ ಸ್ಕ್ಯಾನಿನಲ್ಲಿ ಗೊತ್ತಾಯಿತು, ಔಷಧಿ ಕೆಲಸ ಮಾಡುವುದನ್ನು ನಿಲ್ಲಿಸಿತ್ತು. ಗಡ್ಡೆ ಬೆಳೆದಿತ್ತು, ಲಿವರಿಗೂ ಹೋಗಿತ್ತು. ಬೇರೆ ಔಷಧಿ ಇದೆ, ಆದರೆ ಇವರ ದೇಹ ತಡೆಯುವುದು ಕಷ್ಟ ಅಂದರು ಡಾಕ್ಟರು. ಇವರು ತುಂಬ ಯೋಚನೆ ಮಾಡಲಿಲ್ಲ. "ಮಗು ಮದುವೆಗೆ ನಾನು ಎದ್ದು ಓಡಾಡೋ ಹಾಗಿರ್ಬೇಕು. ಹಾಸಿಗೇಲಿ ಬೇಡ" ಅಂದರು. ಕೀಮೋ ನಿಲ್ಲಿಸಿ ನೋವಿಗೆ, ಉಸಿರಿಗೆ ಮಾತ್ರ ಮಾತ್ರೆ ಕೊಡುತ್ತೇವೆ ಅಂತ ತೀರ್ಮಾನವಾಯಿತು. ಹೊರಗೆ ಬಂದ ಮೇಲೆ, ಆಟೋಗೆ ಕಾಯುತ್ತ ನಿಂತಾಗ, "ಮದುವೆ ಮುಗಿಯೋವರೆಗೂ ಯಾರಿಗೂ ಹೇಳೋದು ಬೇಡ" ಅಂದರು. ಮೈದುನನಿಗೆ, ಡಾಕ್ಟರು ಸ್ವಲ್ಪ ದಿನ ಬಿಡುವು ಕೊಟ್ಟಿದ್ದಾರೆ ಅಂತ ಹೇಳಿದೆವು.

ವಾರಗಳು ಕಳೆದ ಹಾಗೆ ಇವರ ಬಣ್ಣ ತಿರುಗತೊಡಗಿತು. ಮೊದಲು ನನಗೆ ಭ್ರಮೆ ಅನ್ನಿಸಿತು. ಕೆನ್ನೆಯ ತೇಪೆಗಳು ಮಾಸಿದವು. ಹಣೆ ತಿಳಿಯಾಯಿತು. ಉಗುರಿನ ಬುಡದಲ್ಲಿ ಪಟ್ಟೆಯಿಲ್ಲದ ಹೊಸ ಉಗುರು ಬರುತ್ತಿತ್ತು. ಸ್ನಾನ ಮಾಡಿಸುವಾಗ, ದಿನದಿನಕ್ಕೂ ತೂಕ ಇಳಿಯುತ್ತಿದ್ದ ಆ ಮೈಯಲ್ಲಿ ಮದುವೆಯಾದಾಗಿನ ಬಣ್ಣ ಬರುತ್ತಿರುವುದು ಕಾಣುತ್ತಿತ್ತು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಒಂದು ದಿನ ಇವರು ಕನ್ನಡಿ ಮುಂದೆ ನಿಂತು, "ನೋಡು, ನಾನು ವಾಪಸ್ ಬರ್ತಿದೀನಿ" ಅಂದರು. ನಾನು ಟವೆಲು ಹಿಡಿದು ಹಿಂದೆ ನಿಂತಿದ್ದೆ. ಕನ್ನಡಿಯಲ್ಲಿ ನನ್ನ ಮುಖ ಕಂಡಿತೋ ಏನೋ, "ತಮಾಷೆಗೆ ಅಂದೆ" ಅಂದರು.

ಮದುವೆ ಬನಶಂಕರಿಯ ಒಂದು ಛತ್ರದಲ್ಲಿ. ಇವರು ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು, ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಬಂದವರನ್ನು ಕರೆಯುತ್ತಿದ್ದರು. ಪಂಚೆ ಸೊಂಟದಲ್ಲಿ ನಿಲ್ಲದ್ದಕ್ಕೆ ನಾನು ಒಳಗಡೆ ಬೆಲ್ಟು ಬಿಗಿದಿದ್ದೆ. ಆದರೆ ಅದು ಯಾರಿಗೂ ಕಾಣುತ್ತಿರಲಿಲ್ಲ. ಎಲ್ಲರಿಗೂ ಕಂಡಿದ್ದು ಮುಖ. "ಅಯ್ಯೋ, ಎಷ್ಟು ಚೆನ್ನಾಗಿ ಬಣ್ಣ ಬಂದಿದೆ!" "ಆ ಹಾಳು ಕಪ್ಪು ಪೂರ್ತಿ ಹೋಯ್ತಲ್ಲ!" "ಇನ್ನೇನು ಗೆದ್ರಿ ಬಿಡಿ." ಹಳೆಯ ಗಿರಾಕಿಯೊಬ್ಬರು ಇವರ ಕೈ ಹಿಡಿದು ಕುಲುಕಿ, ಎರಡೂ ಕೈಯಿಂದ ಹಿಡಿದುಕೊಂಡೇ ಮಾತಾಡಿದರು. ಎಷ್ಟೋ ತಿಂಗಳು ಹೊರಗಿನವರು ಯಾರೂ ಹಿಡಿಯದಿದ್ದ ಕೈ. ಇವರು ಎಲ್ಲರಿಗೂ "ನಿಮ್ಮ ಆಶೀರ್ವಾದ" ಅನ್ನುತ್ತಿದ್ದರು. ನಾನು ಪಕ್ಕದಲ್ಲಿ ಪನ್ನೀರು ಚಿಮುಕಿಸುತ್ತ ನಿಂತಿದ್ದೆ. ಬಂದವರು ನನಗೂ "ನೀವು ಪುಣ್ಯ ಮಾಡಿದ್ರಿ" ಅಂದರು. ನಾನು ತಲೆಯಾಡಿಸಿದೆ. ನಕ್ಕು ನಕ್ಕು ದವಡೆ ನೋಯುತ್ತಿತ್ತು.

ಮೈದುನ ಓಡಾಟದ ಮಧ್ಯೆ ಬಂದು ಅಣ್ಣನ ಭುಜ ಹಿಡಿದು, "ಮದುವೆ ಗಲಾಟೆ ಮುಗೀಲಿ, ಮುಂದಿನ ತಿಂಗಳಿಂದ ಅಂಗಡಿಗೆ ಬಾ ಅಣ್ಣ. ನಿನ್ನ ಜಾಗ ಹಾಗೇ ಇದೆ" ಅಂದ. ಅವನ ಕಣ್ಣು ತುಂಬಿತ್ತು.

"ಬರ್ತೀನಿ" ಅಂದರು ಇವರು.

ಧಾರೆಯ ಹೊತ್ತಿಗೆ ಇವರಿಗೆ ಉಸಿರು ಸಾಲದಾಯಿತು. ಯಾರಿಗೂ ಗೊತ್ತಾಗದ ಹಾಗೆ ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ವಾಲಗದ ಸದ್ದು ಜೋರಾಗಿತ್ತು. ಕಿಟಕಿ ತೆಗೆದು ಅಲ್ಲಿ ಕೂರಿಸಿ ಬೆನ್ನು ಸವರಿದೆ. "ನೀನು ಹೋಗಿ ನೋಡು" ಅಂದರು. ನಾನು ಹೋಗಲಿಲ್ಲ. ಅವಳು ಕೆಂಪು ಸೀರೆಯಲ್ಲಿ ಹೇಗೆ ಕಂಡಳು ಅನ್ನುವುದನ್ನು ಆಮೇಲೆ ನಾವಿಬ್ಬರೂ ಮೊಬೈಲಿನಲ್ಲಿ ನೋಡಿದೆವು.

ಮುಂದಿನ ತಿಂಗಳು ಬರುವವರೆಗೂ ಇವರು ಉಳಿಯಲಿಲ್ಲ. ಒಂದು ಬೆಳಿಗ್ಗೆ ದಿಂಬಿಗೆ ಒರಗಿ ಕೂತಿದ್ದವರು ನೀರು ಬೇಕು ಅಂದರು. ತರುವಷ್ಟರಲ್ಲಿ ಮುಗಿದಿತ್ತು.

ನಮ್ಮಲ್ಲಿ ಮಣ್ಣು ಮಾಡುತ್ತಾರೆ. ಸ್ನಾನ ಮಾಡಿಸಿ, ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ಬಂದವರೆಲ್ಲ ಅದೇ ಮಾತು ಆಡಿದರು. "ಮದುವೇಲಿ ನೋಡಿದ್ವಲ್ಲ, ಎಷ್ಟು ಲವಲವಿಕೆ ಇತ್ತು. ಬಣ್ಣ ಎಲ್ಲ ವಾಪಸ್ ಬಂದಿತ್ತು. ಇದ್ದಕ್ಕಿದ್ದ ಹಾಗೆ ಏನಾಯ್ತು?" ಪಕ್ಕದ ಮನೆಯಾಕೆಯಂತೂ ಯಾರದೋ ಕಣ್ಣು ಬಿತ್ತು ಅಂದರು.

ಎಲ್ಲ ಮುಗಿಸಿಕೊಂಡು ಬಂದ ಮೇಲೆ ಮೈದುನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಕಾಲಿಗೆ ಇನ್ನೂ ಮಣ್ಣು ಅಂಟಿತ್ತು.

"ಅತ್ತಿಗೆ, ಔಷಧಿ ನಿಲ್ಲಿಸಿದ್ದಕ್ಕೆ ಬಣ್ಣ ತಿರುಗಿದ್ದಾ?"

"ಹೂಂ."

"ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಅಣ್ಣಂಗೆ?"

"ಅವರೇ ನಿಲ್ಲಿಸಿ ಅಂದಿದ್ದು."

ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತ. "ನಾನು ಬಾ ಅಂದೆ ಅತ್ತಿಗೆ. ಕಪ್ಪಗಿದ್ದಾಗ ಬರಬೇಡ ಅನ್ನೋ ಹಾಗೆ ಮಾಡಿ, ಆಮೇಲೆ ಬಾ ಅಂದೆ. ಬರ್ತೀನಿ ಅಂದ ನೋಡಿ." ಅಷ್ಟು ವಯಸ್ಸಾದ ಗಂಡಸು ಗಟ್ಟಿಯಾಗಿ ಅತ್ತದ್ದನ್ನು ನಾನು ಅವತ್ತೇ ನೋಡಿದ್ದು. ಸಮಾಧಾನ ಮಾಡಬೇಕಿತ್ತು. ಇವರು ಇದ್ದಿದ್ದರೆ ಮಾಡುತ್ತಿದ್ದರು. ನನ್ನಿಂದ ಆಗಲಿಲ್ಲ. ಅಳುವಷ್ಟು ಅಳಲಿ ಅಂತ ಬಿಟ್ಟೆ. ಆಮೇಲೆ ಒಂದು ಚೊಂಬು ನೀರು ಕೊಟ್ಟು, "ಕಾಲು ತೊಳ್ಕೊಂಡು ಬಾಪ್ಪ, ಎಲ್ಲರೂ ಊಟಕ್ಕೆ ಕಾಯ್ತಿದಾರೆ" ಅಂದೆ.